ಕಟ್ಟೆ ಬಿಡಬೇಡಿ, ಬೀಡಿ ಬಿಡಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದೂ ಕಡೆ ಗುರುತಿಲ್ಲದವರ ಜೊತೆ ಮಾತು ಶುರು ಮಾಡೋಕೆ ಎರಡೇ ದಾರಿ. ಒಂದು, ‘ಮಳಿ ಆತೇನ್ರೀ ನಿಮ್ಮ ಕಡಿ?’ ಇನ್ನೊಂದು, ‘ಬೀಡಿ ಐತೇನಪಾ?’ ಮಳೆ ಕೈಕೊಟ್ಟ ವರ್ಷಗಳು ಬೇಕಾದಷ್ಟಿವೆ. ಬೀಡಿ ಕೈಕೊಟ್ಟಿದ್ದನ್ನು ನಾನಂತೂ ಕಂಡಿಲ್ಲ.

ಹಂಗಾಗಿ ನಮ್ಮಲ್ಲಿ ‘ಬೀಡಿ ಬಿಡು’ ಅಂದ್ರೆ ಕಟ್ಟೆ ಬಿಡು, ಗೆಳೆಯರನ್ನ ಬಿಡು ಅಂದಂಗೆ ಕೇಳಿಸುತ್ತೆ. ಕೊಟ್ಟೂರಿನ ನಮ್ಮ ಸೋದರಮಾವ ಮೂವತ್ತು ವರ್ಷ ಸೇದಿದವರು. ಬೆಳಗಿನ ಜಾವದ ಅವರ ಕೆಮ್ಮೇ ಓಣಿಗೆಲ್ಲ ಅಲಾರಂ. ಯಾರಾದ್ರೂ ಹೇಳಿದ್ರೆ, ‘ಸಿಗರೇಟಲ್ಲ ಬಿಡಪಾ, ಎಲಿ ಇದು’ ಅನ್ನೋರು.

ಎಲೆ ಅನ್ನೋದೇ ಮೋಸ. ಬೀಡಿ ಎಲೆಯಲ್ಲಿ ಕಾಗದದಷ್ಟು ಗಾಳಿ ಆಡಲ್ಲ, ಬೇಗ ಆರುತ್ತೆ. ಆರದಂಗೆ ಮತ್ತೆ ಮತ್ತೆ ಜೋರಾಗಿ ಎಳೀಬೇಕು. ಹಾಗಾಗಿ ನಿಕೋಟಿನ್, ಕಾರ್ಬನ್ ಮಾನಾಕ್ಸೈಡ್ ಸಿಗರೇಟಿಗಿಂತ ಕಮ್ಮಿಯೇನೂ ಒಳಗೆ ಹೋಗಲ್ಲ. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರ್, ಹೃದಯಾಘಾತ ಎಲ್ಲದಕ್ಕೂ ಬೀಡಿಯೂ ದಾರಿಯೇ. 2016-17ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ. 4, ಬೀಡಿಯವರು ಶೇ. 7.7. ನಮ್ಮ ಮಾತಲ್ಲೇ ಎಚ್ಚರಿಕೆ ಐತಿ ನೋಡ್ರಿ: ಸೇದೋದಕ್ಕೂ ‘ದಮ್ಮು’, ಉಸಿರು ಸಿಗದೆ ಒದ್ದಾಡೋದಕ್ಕೂ ‘ದಮ್ಮು’.

ಹರಪನಹಳ್ಳಿಯ ಓಣಿಗಳಲ್ಲಿ ಮೊರ ತೊಡೆ ಮೇಲಿಟ್ಟುಕೊಂಡು ಬೀಡಿ ಕಟ್ಟೋ ಹೆಣ್ಮಕ್ಕಳಿದ್ದಾರೆ. ಸಾವಿರದ ಲೆಕ್ಕದಲ್ಲಿ ಕೂಲಿ. ಸೇದದಿದ್ರೂ ತಂಬಾಕಿನ ಧೂಳು ಅವರ ಮೂಗಿಗೆ. ಅದೇ ದುಡ್ಡಲ್ಲಿ ಮಕ್ಕಳ ಶಾಲೆ. ಅವರನ್ನು ಬೈದು ಪ್ರಯೋಜನ ಇಲ್ಲ. ಅವರಿಗೆ ಬೇರೆ ಕೆಲಸ ಕೊಡದೆ ನಮ್ಮ ಮಾತು ಪೂರ್ತಿ ಆಗಲ್ಲ.

ಕೂಡ್ಲಿಗಿಯಲ್ಲಿ ಗಾಂಧೀಜಿ ಚಿತಾಭಸ್ಮದ ಸ್ಮಾರಕವಿದೆ. ಆ ಗಾಂಧೀಜಿಯೇ ಹುಡುಗರಿದ್ದಾಗ ಚಿಕ್ಕಪ್ಪ ಬಿಸಾಕಿದ ಸಿಗರೇಟಿನ ತುಂಡು ಸೇದಿದ್ದನ್ನು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆಮೇಲೆ ಬಿಟ್ಟರು. ಸಾರ್ವಜನಿಕ ಜಾಗದಲ್ಲಿ ಧೂಮಪಾನ ನಿಷೇಧದ ಬಿಗಿ ನಿಯಮ 2008ರಲ್ಲಿ ಜಾರಿಯಾಗಿದ್ದೂ ಅವರ ಹುಟ್ಟುಹಬ್ಬದ ದಿನವೇ.

ಮಾವ ಬಿಟ್ಟಿದ್ದು ಮೆಟ್ಟಿಲು ಹತ್ತೋಕೆ ಆಗದಾದಾಗ. ಲಗ್ನಕ್ಕೆ ಗೊತ್ತು ಮಾಡಿದಂಗೆ ದಿನ ಗೊತ್ತು ಮಾಡಿದ್ರು: ಕೊಟ್ಟೂರೇಶ್ವರನ ತೇರಿನ ಮರುದಿನ. ಮೊದಲ ಮೂರು ದಿನ ಭಾರಿ ಕಷ್ಟ, ಸಿಟ್ಟು, ನಿದ್ದೆಗೇಡು. ಚಟ ಎಳೆಯೋದು ಒಂದೊಂದು ಸಲಕ್ಕೆ ಐದಾರು ನಿಮಿಷ ಅಷ್ಟೇ, ಅದನ್ನ ದಾಟಿಸಬೇಕು. ಮಿರ್ಚಿ-ಮಂಡಕ್ಕಿ ಆದಮೇಲೆ ಚಾ, ಚಾ ಆದಮೇಲೆ ಬೀಡಿ ಅನ್ನೋ ಸರಪಳಿ ಮುರಿಯೋಕೆ ಚಾ ಬಿಟ್ಟು ಮಜ್ಜಿಗೆ ಹಿಡಿದ್ರು. ಜೇಬಲ್ಲಿ ಹುರಿದ ಶೇಂಗಾ. ಎರಡು ಸಲ ಜಾರಿದ್ರು, ಮತ್ತೆ ಒಂದರಿಂದ ಎಣಿಸಿದ್ರು. ಕಟ್ಟೆ ಮಾತ್ರ ಬಿಡಲಿಲ್ಲ. ತಿಂಗಳು ಕಳೆದ ಮೇಲೆ ಅತ್ತೆ ಮುಡಿದ ಹಡಗಲಿ ಮಲ್ಲಿಗೆ ವಾಸನೆ ಮತ್ತೆ ಗೊತ್ತಾಗ್ತೈತಿ ಅಂದ್ರು. ಅತ್ತೆ ನಾಚಿದ್ರು.

ಬಿಟ್ಟು ಒಂದು ವರ್ಷಕ್ಕೆ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತೆ. ಒಬ್ಬರಿಗೇ ಆಗದಿದ್ರೆ 1800-11-2356ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ನಿಕೋಟಿನ್ ಚೂಯಿಂಗ್ ಗಮ್ ಬೇಕೋ ಅಂತ ಡಾಕ್ಟರನ್ನ ಕೇಳಿ. ಮನೆಯವರು ಬೈಬ್ಯಾಡ್ರಿ. ಶೇಂಗಾ ಹುರಿದು ಕೊಡ್ರಿ.