ಈಡು ಎಡಕ್ಕೆ ಹೋಗುತ್ತಿದ್ದ ಕಥೆ

ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿ ಇಟ್ಟುಕೊಂಡವರು ಇದನ್ನು ಪೂರಾ ಓದಿ. ಉದ್ದ ಇದೆ, ಪುರಸೊತ್ತಿನಲ್ಲೇ ಓದಿ. ಕೋವಿ ಇಲ್ಲದವರೂ ಓದಬಹುದು, ಯಾಕಂದ್ರೆ ನಾವು ಈಡು ಹೊಡೆಯುವ ಗದ್ದೆಯ ಪಕ್ಕದ ದಾರಿಯಲ್ಲಿ ನಡೆಯುವವರು ನೀವು.

ನನ್ನದು ಅಪ್ಪನ ಕಾಲದ ಒಂಟಿ ನಳಿಗೆಯ ಕೇಪಿನ ಕೋವಿ. ಬಾಯಿಂದ ಮದ್ದು ತುಂಬಬೇಕು, ನಾರು ಇಟ್ಟು ಗಜದಲ್ಲಿ ಜಡಿಯಬೇಕು, ಮೇಲೆ ಚರೆ, ಮತ್ತೆ ನಾರು. ಒಂದು ಈಡು ಆದರೆ ಮತ್ತೆ ಮೊದಲಿಂದ ಶುರು. 1959ರ ಆರ್ಮ್ಸ್ ಕಾಯಿದೆಯಲ್ಲಿ ಬೆಳೆ ರಕ್ಷಣೆಗೆ ಅಂತ ಹೇಳಿರುವುದು ಇಂಥಾ ಬಾಯಿಂದ ತುಂಬುವ ಕೋವಿಯನ್ನೇ.

2024ರ ಲೋಕಸಭೆ ಚುನಾವಣೆಗೆ ನಮ್ಮ ಜಿಲ್ಲೆಯಲ್ಲಿ ಮೇ 7ಕ್ಕೆ ಮತದಾನ. ಎಲ್ಲರ ಹಾಗೆ ನಾನೂ ಮೊದಲೇ ಕೋವಿ ಠೇವಣಿ ಇಟ್ಟು ಬಂದೆ. ಎಣಿಕೆ ಮುಗಿದು ಕೈಗೆ ಸಿಗುವಾಗ ಜೂನ್, ಮಳೆ ಹಿಡಿದಾಗಿತ್ತು. ಎಣ್ಣೆ ಒರೆಸಿ ಅಟ್ಟಕ್ಕೆ ಹಾಕಿದೆ.

ಸೆಪ್ಟೆಂಬರ್ ಕೊನೆಗೆ ಭತ್ತ ಹಾಲು ತುಂಬುವ ಹೊತ್ತಿಗೆ ಹಂದಿ ಬಂತು. ಒಂದು ಸಂಜೆ ಗದ್ದೆಯಂಚಿನಲ್ಲಿ ನಿಂತು, ಯಾವಾಗಿನ ಹಾಗೆ ಧರೆಯ ಎದುರಿನ ತೆಂಗಿನ ಮೋಟಿಗೆ ಗುರಿ ಇಟ್ಟು ಒಂದು ಈಡು ಹೊಡೆದೆ. ಹಂದಿ ಓಡಿತು. ಬೆಳಿಗ್ಗೆ ಹೋಗಿ ನೋಡಿದರೆ ಮೋಟಿನಲ್ಲಿ ಒಂದು ಗುರುತೂ ಇಲ್ಲ. ಎಡಗಡೆ, ಒಂದು ಮಾರು ಆಚೆ ಇದ್ದ ಅಡಿಕೆ ಮರದಲ್ಲಿ ಎದೆ ಎತ್ತರಕ್ಕೆ ಏಳೆಂಟು ಚರೆ ಕೂತಿತ್ತು. ಆ ಮರದ ಬುಡದಲ್ಲೇ ಕಾಲುದಾರಿ. ಮೇಲಿನ ಮನೆಯ ಅಕ್ಕ ದಿನಾ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಕೊಂಡುಹೋಗುವುದು ಅದೇ ದಾರಿಯಲ್ಲಿ.

ಅವತ್ತು ನನಗೆ ತಿಂಡಿ ಸೇರಲಿಲ್ಲ. ಕೋವಿಯನ್ನು ಗೋಡೆಗೆ ಹಾಕಿದವ ಕೊಯ್ಲು ಮುಗಿಯುವವರೆಗೆ ಮುಟ್ಟಲಿಲ್ಲ.

ತಪ್ಪು ಯಾರದ್ದು ಅಂತ ನಾನು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಠಾಣೆಯಲ್ಲಿ ಎಲ್ಲರ ಕೋವಿ ಒಟ್ಟಿಗೆ ಒರಗಿಸಿ ಇಟ್ಟಿರುತ್ತಾರೆ, ಎಲ್ಲೋ ಬಿದ್ದು ನಳಿಗೆ ತುದಿಯ ಮಣಿ ಬಾಗಿದೆ ಅಂತ. ಚಾ ಅಂಗಡಿಯಲ್ಲೂ ಹಾಗೇ ಹೇಳಿಕೊಂಡು ತಿರುಗಿದೆ. ಮಣಿಯನ್ನು ಸ್ವಲ್ಪ ಬಡಿದು, ಅರದಲ್ಲಿ ಉಜ್ಜಿ ಸರಿ ಮಾಡುವಾ ಅಂತ ಅರ ಹುಡುಕುತ್ತಾ ಇದ್ದಾಗ ಭಾವ ಬಂದರು. ಅವರದ್ದೂ ಲೈಸೆನ್ಸ್ ಇದೆ, ನನಗಿಂತ ಹಳಬರು. "ಉಜ್ಜಿದ ಕಬ್ಬಿಣ ವಾಪಸ್ ಬರೂದಿಲ್ಲ ಮಾರಾಯ. ಮೊದಲು ನೂಲು ಹಿಡಿ" ಅಂದ್ರು.

ಮೊದಲು ಗಜವನ್ನು ಒಳಗೆ ಬಿಟ್ಟು ಕೋವಿ ಖಾಲಿ ಹೌದೋ ಅಂತ ನೋಡಿದೆವು. ಖಾಲಿ ಇದ್ದಾಗ ಗಜ ಎಲ್ಲಿವರೆಗೆ ಇಳಿಯುತ್ತದೆ ಅಂತ ಗಜದ ಮೇಲೆ ಒಂದು ಗೆರೆ ಇರಬೇಕು. ಗೆರೆ ಹೊರಗೆ ಉಳಿದರೆ ಒಳಗೆ ಏನೋ ಇದೆ ಅಂತ ಅರ್ಥ. ಆಮೇಲೆ ಎರಡು ಮರಳು ಚೀಲದ ಮೇಲೆ ಕೋವಿ ಮಲಗಿಸಿ, ನಳಿಗೆಯ ಹಿಂದಿನ ನಡು ಮಧ್ಯದಿಂದ ಬಾಯಿಯ ನಡು ಮಧ್ಯಕ್ಕೆ ಆಚಾರಿಯ ಹಾಗೆ ನೂಲು ಎಳೆದು ಹಿಡಿದೆವು. ನಮ್ಮ ಕೋವಿಯ ನಳಿಗೆ ಹಿಂದೆ ಮುಚ್ಚಿರುತ್ತದೆ, ಒಳಗಿಂದ ಕಣ್ಣಿಟ್ಟು ನೋಡಲಿಕ್ಕಾಗುವುದಿಲ್ಲ, ಹಾಗಾಗಿ ನೂಲೇ ಗತಿ. ಮಣಿ ಸರಿಯಾಗಿ ನೂಲಿನ ಅಡಿಗೆ ಇತ್ತು. ಬಾಗಿದ್ದರೂ ಕೂದಲೆಳೆಯಷ್ಟು.

ನನಗೆ ನಂಬಿಕೆ ಬರಲಿಲ್ಲ. ಸರಿ, ಹೊಡೆದೇ ನೋಡುವಾ ಅಂದ್ರು. ಗದ್ದೆ ಖಾಲಿ ಇತ್ತು. ದಾರಿಯ ಎರಡೂ ಬದಿಗೆ ಜನ ನಿಲ್ಲಿಸಿ, ಅಕ್ಕಪಕ್ಕದವರಿಗೆ ಹೇಳಿ, ದಾರಿಯಿಂದ ದೂರ, ಮೆತ್ತಗಿನ ಮಣ್ಣಿನ ಧರೆಯ ಎದುರಿಗೆ ಹಲಗೆ ಇಟ್ಟೆವು. ಚಿರೆಕಲ್ಲಿನ ಗೋಡೆಯ ಎದುರಿಗೆ ಯಾರೂ ಹೀಗೆ ಮಾಡಬೇಡಿ, ಚರೆ ಪುಟಿದು ವಾಪಸ್ ಬರುತ್ತದೆ. ಇಪ್ಪತ್ತು ಮೀಟರಿನಿಂದ ಹೊಡೆದೆ. ಹಲಗೆಯಲ್ಲಿ ಒಂದೂ ತೂತಿಲ್ಲ.

ಹೀಗೆ ಆದಾಗ ನಾವು ಮಾಡುವ ತಪ್ಪು ಅಂದ್ರೆ ಅದೇ ಹಲಗೆಗೆ ಮತ್ತೆ ಮತ್ತೆ ಹೊಡೆಯುವುದು. ತಪ್ಪಿದ್ದು ಎಲ್ಲಿಗೆ ಹೋಯಿತು ಅಂತ ಕಾಣದೆ ಏನೂ ಗೊತ್ತಾಗುವುದಿಲ್ಲ. ಹಳೇ ಫ್ಲೆಕ್ಸ್ ಒಂದನ್ನು ಬೆನ್ನು ಬದಿ ಮುಂದೆ ಮಾಡಿ ಕಟ್ಟಿ, ನಡುವೆ ಮಸಿಯಲ್ಲಿ ಗುರುತು ಹಾಕಿದೆವು. ಮೂರು ಈಡು, ಮೂರಕ್ಕೂ ಅಳತೆಯ ಒಂದೇ ಮದ್ದು, ಒಂದೇ ಚರೆ, ಒಂದೇ ನಾರು. ಒಂದು ಈಡು ನೋಡಿ ತೀರ್ಮಾನ ಮಾಡಬಾರದು, ಚರೆ ಹರಡಿ ಬೀಳುತ್ತದೆ, ಅದರ ನಡುವನ್ನು ಲೆಕ್ಕ ಹಿಡಿಯಬೇಕು. ಮೂರೂ ಎಡಕ್ಕೆ, ಹತ್ತಿರ ಹತ್ತಿರ ಒಂದು ಮೀಟರು.

ಆಗ ಭಾವ ಒಂದು ಲೆಕ್ಕ ಹೇಳಿದರು. ನಾನು ಎಸ್ಸೆಸ್ಸೆಲ್ಸಿ ಗಣಿತ ಕಷ್ಟದಲ್ಲಿ ಪಾಸಾದವ, ನನಗೂ ಅರ್ಥ ಆಯಿತು. ಕಣ್ಣಿನಿಂದ ಮಣಿಗೆ ಸುಮಾರು ಒಂದು ಮೀಟರು. ಗುರಿ ಇಪ್ಪತ್ತು ಮೀಟರು. ಅಂದ್ರೆ ಮಣಿಯಲ್ಲಿ 1 ಮಿಲಿಮೀಟರು ತಪ್ಪಿದರೆ ಗುರಿಯಲ್ಲಿ 2 ಸೆಂಟಿಮೀಟರು ತಪ್ಪುತ್ತದೆ. ಗುರಿಯಲ್ಲಿ ಒಂದು ಮೀಟರು ತಪ್ಪಬೇಕಾದರೆ ಮಣಿ 5 ಸೆಂಟಿಮೀಟರು ಸರಿದಿರಬೇಕು. ನಳಿಗೆಯ ದಪ್ಪವೇ ಅಷ್ಟಿಲ್ಲ! ಮಣಿ ಗಾಳಿಯಲ್ಲಿ ನೇತಾಡಬೇಕಿತ್ತು.

ಮತ್ತೆ ಭಾವ ನನ್ನ ಕೋವಿಯಲ್ಲೇ ಒಂದು ಈಡು ಹೊಡೆದರು. ಮಸಿ ಗುರುತಿನ ಸುತ್ತ ಚರೆ. "ಕೋವಿಗೆ ಎಂತ ಆಗ್ಲಿಲ್ಲ. ಆದದ್ದು ನಿನ್ನ ಕಣ್ಣಿಗೆ."

ಪೊಲೀಸರ ರೈಫಲ್ ನೋಡಿದ್ದೀರಲ್ಲ, ಅದಕ್ಕೆ ಹಿಂದೆ ಒಂದು ಕಚ್ಚು, ಮುಂದೆ ಒಂದು ಕಡ್ಡಿ. ಎರಡನ್ನೂ ಕೂಡಿಸಿ ಗುರಿ ಹಿಡಿಯುತ್ತಾರೆ. ನನ್ನ ಕೋವಿಯಲ್ಲಿ ಮುಂದಿನ ಮಣಿ ಮಾತ್ರ. ಹಿಂದಿನ ಕಚ್ಚು ಎಲ್ಲಿದೆ ಅಂದ್ರೆ, ನಮ್ಮ ಕಣ್ಣೇ ಅದು. ಕೆನ್ನೆ ಮರಕ್ಕೆ ಸರಿ ಕೂರದೆ ತಲೆ ಎತ್ತಿದರೆ ಈಡು ಮೇಲೆ. ಗದ್ದ ಅತ್ತಿತ್ತ ಆದರೆ ಈಡೂ ಅತ್ತಿತ್ತ. ನಾನು ಅಪ್ಪ ಕಲಿಸಿದ ಹಾಗೆ ಎರಡೂ ಕಣ್ಣು ಬಿಟ್ಟು ಹೊಡೆಯುವವ. ಎರಡೂ ಬಿಟ್ಟಾಗ ಯಾವ ಕಣ್ಣು ಜೋರೋ ಅದು ಗುರಿ ಹಿಡಿಯುತ್ತದೆ. ಬಲಭುಜಕ್ಕೆ ಕೋವಿ ಕೊಟ್ಟು ಎಡಗಣ್ಣು ಗುರಿ ಹಿಡಿದರೆ ಈಡು ಎಡಕ್ಕೇ ಹೋಗಬೇಕು. ಎರಡು ಕಣ್ಣಿನ ಅಂತರ ಆರು ಸೆಂಟಿಮೀಟರಿನ ಆಜುಬಾಜು. ಮೇಲಿನ ಲೆಕ್ಕದ 5 ಸೆಂಟಿಮೀಟರು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ಲ.

ನಿಮ್ಮದು ಯಾವ ಕಣ್ಣು ಜೋರು ಅಂತ ಕೋವಿ ಇಲ್ಲದೆಯೇ ನೋಡಬಹುದು. ಎರಡೂ ಕಣ್ಣು ಬಿಟ್ಟು ದೂರದ ಒಂದು ಅಡಿಕೆ ಮರಕ್ಕೆ ಬೆರಳು ತೋರಿಸಿ. ಈಗ ಎಡಗಣ್ಣು ಮುಚ್ಚಿ. ಬೆರಳು ಮರದ ಮೇಲೇ ಉಳಿದರೆ ಬಲಗಣ್ಣು ಜೋರು. ಬೆರಳು ಪಕ್ಕಕ್ಕೆ ಹಾರಿದ ಹಾಗೆ ಕಂಡರೆ ಎಡಗಣ್ಣು ಜೋರು. ನನ್ನ ಬೆರಳು ಹಾರಿತು. ಮೂವತ್ತು ವರ್ಷ ಬಲಗಣ್ಣಿನಲ್ಲಿ ಹೊಡೆದವ ನಾನು!

ಬಲಗಣ್ಣು ಒಂದೇ ಬಿಟ್ಟು ನೋಡಿದರೆ ಮರದ ಮೇಲೆ ತೆಳ್ಳಗೆ ಹೊಗೆ ಕಟ್ಟಿದ ಹಾಗೆ. ಎರಡೂ ಬಿಟ್ಟಾಗ ಎಡಗಣ್ಣು ಸುಧಾರಿಸುತ್ತಿದ್ದ ಕಾರಣ ನನಗೆ ಅಷ್ಟು ದಿನ ತಿಳಿದೇ ಇರಲಿಲ್ಲ. ಕಣ್ಣಿನ ಡಾಕ್ಟರ್ ನೋಡಿ, ಪೊರೆ ಬಂದಿದೆ ಅಂದ್ರು. ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ಡಾಕ್ಟರ್ ಹೇಳುವವರೆಗೆ ಭಾರ ಎತ್ತಲಿಲ್ಲ, ಕೋವಿ ಮುಟ್ಟಲಿಲ್ಲ. ಏಪ್ರಿಲಿನಲ್ಲಿ ಮತ್ತೆ ಫ್ಲೆಕ್ಸ್ ಕಟ್ಟಿ ಹೊಡೆದೆ, ಎಡಗಣ್ಣು ಮುಚ್ಚಿಯೇ. ಗುರುತಿಗೆ ಬಿತ್ತು. ಚಾ ಅಂಗಡಿಗೆ ಹೋಗಿ, ಮಣಿ ಬಾಗಿಸಿದ್ದು ಠಾಣೆಯವರಲ್ಲ ಅಂತಲೂ ಹೇಳಿ ಬಂದೆ.

ನಿಜವಾಗಿ ಮಣಿಯೇ ಬಾಗಿದ್ದರೆ ಏನು ಅಂತ ಕೇಳುತ್ತೀರಿ. ಲೆಕ್ಕ ಉಲ್ಟಾ. ಈಡು ಎಡಕ್ಕೆ ಬಿದ್ದರೆ ಮಣಿಯನ್ನು ಎಡಕ್ಕೇ ಸರಿಸಬೇಕು, ಆಗ ನಳಿಗೆ ಬಲಕ್ಕೆ ತಿರುಗುತ್ತದೆ. ಈಡು ಮೇಲೆ ಬಿದ್ದರೆ ಮಣಿ ಎತ್ತರ ಆಗಬೇಕು, ಕೆಳಗೆ ಬಿದ್ದರೆ ಮಾತ್ರ ಉಜ್ಜಿ ತಗ್ಗಿಸಬೇಕು. ಆ ಕೆಲಸ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಮಾಡಿಸಿ. ಮತ್ತೆ ಕೇಪು ಸಿಡಿದು ಸ್ವಲ್ಪ ತಡೆದು ಈಡು ಹಾರುತ್ತಾ ಇದ್ದರೆ ಅದು ಮಣಿಯ ತಪ್ಪಲ್ಲ, ಮದ್ದಿಗೆ ಶೀತ ಹಿಡಿದಿದೆ ಅಥವಾ ಕೇಪು ಕೂರುವ ಮೊಳೆಯ ತೂತು ಕಟ್ಟಿದೆ. ಆ ತಡೆಯಲ್ಲಿ ಕೈ ಅಲುಗಿ ಗುರಿ ತಪ್ಪುತ್ತದೆ. ನಮ್ಮ ಮಳೆಗಾಲದಲ್ಲಿ ಇದೇ ಜಾಸ್ತಿ.

ಕೆಲವರು ಕೇಳಿದರು, ಪ್ರಾಣಿ ಹೊಡೆಯಲಿಕ್ಕಿಲ್ಲ, ಹೆದರಿಸಲಿಕ್ಕೆ ಮಾತ್ರ, ಮತ್ತೆ ಗುರಿ ಯಾಕೆ ಅಂತ. 1972ರ ವನ್ಯಜೀವಿ ಕಾಯಿದೆ ಪ್ರಕಾರ ಅನುಮತಿ ಇಲ್ಲದೆ ಹಂದಿಗಾಗಲಿ ಮಂಗನಿಗಾಗಲಿ ಹೊಡೆದರೆ ಕೇಸು, ಅದು ಸರಿ. ಆದರೆ ಗುರಿ ಬೇಕಾದ್ದು ಹಂದಿಗೆ ತಾಗಿಸಲಿಕ್ಕಲ್ಲ, ಮನುಷ್ಯರಿಗೆ ತಾಗದೇ ಇರಲಿಕ್ಕೆ. ನಾನು ಈಗ ಹೆದರಿಸಲಿಕ್ಕೆ ಚರೆ ಹಾಕುವುದೇ ಇಲ್ಲ, ಬರೀ ಮದ್ದು. ಅದನ್ನೂ ದಾರಿಗೆ ಬೆನ್ನು ಹಾಕಿ ನಿಂತೇ ಹೊಡೆಯುತ್ತೇನೆ. ಹಂದಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಐವತ್ತು ದಾಟಿದವರು ಈ ಸಲ ಕೋವಿಗೆ ಎಣ್ಣೆ ಹಾಕುವ ಮೊದಲು ಒಮ್ಮೆ ಬೆರಳು ತೋರಿಸಿ ನೋಡಿಕೊಳ್ಳಿ. ಆ ಅಡಿಕೆ ಮರದಲ್ಲಿ ಚರೆ ಈಗಲೂ ಇದೆ, ನಾನು ತೆಗೆಯಲಿಲ್ಲ. ಹಾಲಿನ ಕ್ಯಾನ್ ಹಿಡಿದು ಅಕ್ಕ ಆ ದಾರಿಯಲ್ಲಿ ಇಳಿಯುವಾಗಲೆಲ್ಲ ನನ್ನ ಕಣ್ಣು ಆ ಮರದ ಮೇಲೇ ಹೋಗುತ್ತದೆ.