ಅವ್ವ, ಅಂಡಮಾನ್ ಮತ್ತು ಮೂರು ರಾತ್ರಿ

ವಯಸ್ಸಾದ ಅಪ್ಪ ಅಮ್ಮನ್ನ ಒಂದ್ಸಲ ಎಲ್ಲಿಗಾದ್ರೂ ಕರ್ಕೊಂಡು ಹೋಗ್ಬೇಕು ಅನ್ನೋ ಮಾತು ನಮ್ಮ ಆಫೀಸಿನ ಊಟದ ಹೊತ್ತಲ್ಲಿ ವಾರಕ್ಕೊಂದು ಸಲವಾದರೂ ಬರುತ್ತೆ. ಹೆಚ್ಚಿನ ಸಲ ಅದು ಮುಗಿಯೋದು ‘ಮುಂದಿನ ವರ್ಷ ನೋಡೋಣ’ ಅನ್ನೋದರಲ್ಲಿ. ನಮ್ಮವ್ವನ ವಿಷಯದಲ್ಲಿ ಹಾಗೆ ಮುಂದಕ್ಕೆ ಹಾಕೋ ಹಾಗಿಲ್ಲ. ಅವಳಿಗೀಗ 64. ಶುಗರ್ರು, ಬಿಪಿ ಎರಡಕ್ಕೂ ಮಾತ್ರೆ ನಡೀತಿದೆ. ಎರಡೂ ಮಂಡಿ ಸವೆದಿವೆ, ಎಡಗಡೆಯದ್ದಕ್ಕೆ ಇವತ್ತಲ್ಲ ನಾಳೆ ಆಪರೇಷನ್ ಬೇಕಾಗುತ್ತೆ ಅಂದಿದ್ದಾರೆ ಡಾಕ್ಟ್ರು. ಸದ್ಯಕ್ಕೆ ಕಂಬಿ ಹಿಡ್ಕೊಂಡು 20 ಮೆಟ್ಟಿಲು ಹತ್ತುತ್ತಾಳೆ. ಅಷ್ಟು ಶಕ್ತಿ ಇರುವಾಗಲೇ ಹೋಗಿಬರಬೇಕು ಅಂತ ಈ ಜನವರಿಗೆ ಪ್ಲಾನ್ ಹಾಕಿದ್ದೀನಿ.

ನಮ್ಮೂರು ಗೋಪಿನಾಥಂ. ಈಗ ಹನೂರು ತಾಲ್ಲೂಕು, ಅವ್ವನ ಆಧಾರ್ ಕಾರ್ಡಿನಲ್ಲಿ ಮಾತ್ರ ಇನ್ನೂ ಕೊಳ್ಳೇಗಾಲವೇ ಇದೆ. ಮಹದೇಶ್ವರ ಬೆಟ್ಟದಿಂದ ಆಚೆ ಇಳಿದು ಪಾಲಾರ್ ಮೇಲೆ ಬರಬೇಕು. ಇನ್ನೊಂದು ಕಡೆ ಹೊಗೇನಕಲ್ಲು, ಕಾವೇರಿ, ಆಚೆ ದಡ ತಮಿಳುನಾಡು. ಅಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ದನ ಮೇಯಿಸಿಕೊಂಡು ಬಾಳಿದ ಅವ್ವ ಸಮುದ್ರ ನೋಡಿಲ್ಲ. ಅಪ್ಪ ಹೋದ ಮೇಲೆ ಒಂದ್ಸಲ ಊರಿಗೆ ಹೋದಾಗ ಕೇಳಿದಳು: “ಇಷ್ಟ್ ನೀರು ಹೋಯ್ತಾನೇ ಅದಲ್ಲ, ಕೊನೆಗೆ ಎಲ್ ನಿಲ್ತದೆ ಕಣ್ಮಗ?”

ಮೊಬೈಲಲ್ಲಿ ಮ್ಯಾಪ್ ತೆಗೆದು ತೋರಿಸಿದೆ. ಮೆಟ್ಟೂರು, ತಿರುಚಿ, ತಂಜಾವೂರಿನ ಕಡೆ, ಕೊನೆಗೆ ಪೂಂಪುಹಾರ್ ಹತ್ತಿರ ಬಂಗಾಳ ಕೊಲ್ಲಿ. ಅವಳು ಬೆರಳಿಟ್ಟು ಇನ್ನೂ ಪೂರ್ವಕ್ಕೆ ಎಳೆದಳು. ನೀಲಿ ನಡುವೆ ಒಂದು ಸಾಲು ಚುಕ್ಕಿ. “ಇದೇನು, ಇರುವೆ ಸಾಲ್ ಬಿಟ್ಟಂಗದೆ?” ಅಂಡಮಾನ್ ಅಂದೆ. “ಅಲ್ಲೂ ಜನ ಇದ್ದಾರಾ?” ಇದ್ದಾರೆ ಅಂದೆ. ಟ್ರಿಪ್ ನಿಕ್ಕಿಯಾಗಿದ್ದು ಇಷ್ಟರಲ್ಲೇ.

ಆದ್ರೂ ಇಂಜಿನಿಯರ್ ಬುದ್ಧಿ ನೋಡಿ, ಮೂರು ಆಯ್ಕೆ ಇಟ್ಟು ಹೋಲಿಸದೆ ಸಮಾಧಾನ ಆಗಲ್ಲ. ಹತ್ತಿರದ್ದು ಮಲ್ಪೆಯ ಸೇಂಟ್ ಮೇರೀಸ್ ದ್ವೀಪ. ಕಂಬ ಕಂಬವಾಗಿ ನಿಂತ ಕಲ್ಲು, ನೋಡೋಕೆ ಬಲು ಚಂದ. ಆದರೆ ಆ ಕಲ್ಲುಗಳ ಮೇಲೇ ಕಾಲಿಟ್ಟು ಓಡಾಡಬೇಕು, ರಾತ್ರಿ ಉಳಿಯೋ ಹಾಗೂ ಇಲ್ಲ. ಎರಡನೇದು ಲಕ್ಷದ್ವೀಪ. ಅದಕ್ಕೆ ಪರ್ಮಿಟ್ ಬೇಕು, ಅದೊಂದು ದೊಡ್ಡ ವಿಷಯವಲ್ಲ. ಹಡಗಿನಲ್ಲಿ ಹೋದರೆ ಎಷ್ಟೋ ದ್ವೀಪಗಳಲ್ಲಿ ದಡದ ಹತ್ತಿರ ನೀರಿನ ಆಳ ಸಾಲದೆ ಹಡಗು ದೂರದಲ್ಲೇ ನಿಲ್ಲುತ್ತೆ. ಅಲ್ಲಿಂದ ಅಲೆಯ ಮೇಲೆ ಅಲ್ಲಾಡೋ ಸಣ್ಣ ದೋಣಿಗೆ ಇಳೀಬೇಕು. ಆ ಇಳಿಯೋ ಒಂದು ಹೆಜ್ಜೆ ನಮ್ಮವ್ವನ ಮಂಡಿಗೆ ಆಗಲ್ಲ. ಅಂಡಮಾನಿಗೆ ಬೆಂಗಳೂರಿಂದ ನೇರ ವಿಮಾನದಲ್ಲಿ ಹೆಚ್ಚುಕಮ್ಮಿ ಎರಡೂವರೆ ಗಂಟೆ. ಗೋಪಿನಾಥದಿಂದ ಬೆಂಗಳೂರು ಮುಟ್ಟೋಕೆ ಅದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಬೇಕು. ಪೋರ್ಟ್ ಬ್ಲೇರ್ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ) ತಲುಪಿದ ಮೇಲೆ ದೋಣಿ ಹತ್ತೋದು ಬಿಡೋದು ನಮ್ಮಿಷ್ಟ.

ಇನ್ನು, ಯಾವುದೇ ಸಾಫ್ಟ್‌ವೇರನ್ನ ನೇರವಾಗಿ ಗಿರಾಕಿ ಕೈಗೆ ಕೊಡಲ್ಲ, ಮೊದಲು ಒಂದು ಡ್ರೈ ರನ್ ಮಾಡ್ತೀವಿ. ಅವ್ವನಿಗೂ ಒಂದು ಮಾಡಿದೆ. ನಡುಗಡ್ಡೆ ನೋಡೋಕೆ ವಿಮಾನವೇ ಹತ್ತಬೇಕು ಅಂತೇನಿಲ್ಲ, ನಮ್ಮ ಕಡೆಯೇ ಒಂದಿದೆ, ಶಿವನಸಮುದ್ರ. ಕಾವೇರಿ ಎರಡಾಗಿ ಒಡೆದು, ಒಂದು ಕವಲು ಗಗನಚುಕ್ಕಿಯಾಗಿ, ಇನ್ನೊಂದು ಭರಚುಕ್ಕಿಯಾಗಿ ಬೀಳುತ್ತೆ. ನಡುವೆ ಉಳಿದ ನೆಲದಲ್ಲಿ ಮಧ್ಯರಂಗನ ಗುಡಿ. ಶ್ರೀರಂಗಪಟ್ಟಣದ ಆದಿರಂಗ, ಶ್ರೀರಂಗದ ಅಂತ್ಯರಂಗ, ಇವೂ ಕಾವೇರಿಯ ನಡುಗಡ್ಡೆಗಳೇ. 1902ರಲ್ಲಿ ಇದೇ ಶಿವನಸಮುದ್ರದ ನೀರಿನಿಂದ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದರು. ಅವ್ವನಿಗೆ ಇದನ್ನ ಹೇಳಿದರೆ, “ನಮ್ಮೂರ್ಗೆ ಕರೆಂಟು ಯಾವಾಗ್ ಬಂತು ಗೊತ್ತಾ?” ಅಂದಳು. ನಾನು ಮಾತು ಬದಲಿಸಿದೆ.

ಅಕ್ಟೋಬರ್‌ನ ಒಂದು ಭಾನುವಾರ ಬಾಡಿಗೆ ಕಾರು ಮಾಡ್ಕೊಂಡು ಹೊರಟೆವು. ನಾನು ನೋಡ್ಬೇಕಾಗಿದ್ದದ್ದು ಮೂರು. ಮಹದೇಶ್ವರ ಬೆಟ್ಟದಿಂದ ತಾಳುಬೆಟ್ಟಕ್ಕೆ ಇಳಿಯೋ ತಿರುವುಗಳಲ್ಲಿ ಅವಳಿಗೆ ವಾಂತಿ ಬರುತ್ತಾ ಅಂತ, ಯಾಕಂದ್ರೆ ಹಡಗೂ ಅಲ್ಲಾಡುತ್ತೆ. ಎಷ್ಟು ಹೊತ್ತಿಗೊಮ್ಮೆ ಕೂರಬೇಕಾಗುತ್ತೆ ಅಂತ. ಊಟದ ಹೊತ್ತು ತಪ್ಪಿದರೆ ಏನಾಗುತ್ತೆ ಅಂತ. ತಿರುವುಗಳಲ್ಲಿ ಏನೂ ಆಗಲಿಲ್ಲ. ನಾನೇ ಕಿಟಕಿ ಇಳಿಸಿಕೊಂಡು ಕೂತೆ, ಅವಳು ಡ್ರೈವರ್ ಹತ್ರ ಮಳೆ ಬೆಳೆ ಮಾತಾಡ್ತಾ ಬಂದಳು. ಭರಚುಕ್ಕಿಯಲ್ಲಿ ಕೆಳಗಿಳಿಯೋ ಮೆಟ್ಟಿಲು ನೋಡಿ, “ನೀರು ಇಲ್ಲಿಂದ್ಲೇ ಕಾಣ್ತದೆ, ಇಳಿಯಾದ್ ಯಾಕೆ?” ಅಂತ ಮೇಲೇ ಕೂತಳು. ಸರಿಯಾದ ಮಾತೇ. ಅಲ್ಲೇ ಒಂದು ಗಂಟೆ ಕೂತು ನೋಡಿದೆವು.

ನಾನು ಲಿಸ್ಟಿನಲ್ಲಿ ಬರೆದುಕೊಳ್ಳದೇ ಇದ್ದ ಒಂದು ಸಂಗತಿ ವಾಪಸ್ ಬರುವಾಗ ಗೊತ್ತಾಯ್ತು. ಬೆಳಿಗ್ಗೆ ಅವಳ ಕೈಗೆ ಕೊಟ್ಟ ನೀರಿನ ಬಾಟ್ಲಿಯ ಸೀಲೇ ಒಡೆದಿರಲಿಲ್ಲ. ಯಾಕವ್ವ, ದಾಹ ಆಗ್ಲಿಲ್ವಾ ಅಂದೆ. “ಕುಡುದ್ರೆ ಎಲ್ಲಿಗ್ ಹೋಗಾನ?” ಅಂದಳು ಮೆಲ್ಲಗೆ, ಡ್ರೈವರ್‌ಗೆ ಕೇಳಿಸದ ಹಾಗೆ. ಬಸ್ಸಿನಲ್ಲಿ ಕೊಳ್ಳೇಗಾಲದ ಆಸ್ಪತ್ರೆಗೆ ಹೋಗಿ ಬರುವಾಗಲೂ ಅವಳು ನೀರು ಕುಡಿಯೋದಿಲ್ಲವಂತೆ. ಹಿಂದಿನ ರಾತ್ರಿಯಿಂದಲೇ ಕಮ್ಮಿ ಮಾಡ್ತಾಳಂತೆ. ಶುಗರ್ ಇರೋರು ಬಿಸಿಲಲ್ಲಿ ಇಡೀ ದಿನ ನೀರಿಲ್ಲದೆ ಇರೋದು ಎಷ್ಟು ಅಪಾಯ ಅಂತ ನಿಮಗೆ ಗೊತ್ತಿರುತ್ತೆ. ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿ ಹೇಳಿದರೆ, “ನಾವೆಲ್ಲಾ ಹಂಗೇ ಅಲ್ವೇನೋ, ನಿಂಗ್ ಈಗ ಗೊತ್ತಾಯ್ತಾ?” ಅಂದಳು.

ಅವತ್ತು ರಾತ್ರಿ ನನ್ನ ಎಕ್ಸೆಲ್ ಶೀಟು ಪೂರ್ತಿ ಬದಲಾಯ್ತು. ಮೊದಲು ಅದರಲ್ಲಿ ಇದ್ದದ್ದು ನೋಡೋ ಜಾಗಗಳು. ಈಗ ಮೊದಲನೇ ಕಾಲಂ ಶೌಚಾಲಯ. ಎಲ್ಲಿದೆ, ಕೂರೋ ಥರದ್ದಾ, ಅಲ್ಲಿಗೆ ಮೆಟ್ಟಿಲೆಷ್ಟು. ವಿಮಾನದಲ್ಲಿ ನಡುದಾರಿ ಪಕ್ಕದ ಸೀಟು, ಯಾರನ್ನೂ ಎಬ್ಬಿಸದೆ ಏಳೋ ಹಾಗೆ. ಬೆಳಗಿನ ಜಾವದ ವಿಮಾನವಾದ್ದರಿಂದ ಹಿಂದಿನ ದಿನವೇ ಬೆಂಗಳೂರಿಗೆ ಬಂದು ನಿದ್ದೆ. ಟಿಕೆಟ್ ಜೊತೆಗೇ ವೀಲ್‌ಚೇರ್ ಕೇಳೋದು. ಮಾತ್ರೆ, ಡಾಕ್ಟ್ರ ಚೀಟಿ, ಹುರಿಹಿಟ್ಟು ಕೈಚೀಲದಲ್ಲೇ, ಕೆಳಗೆ ಹೋಗೋ ಲಗೇಜಿನಲ್ಲಿ ಅಲ್ಲ. ಹಡಗಿನ ತಲೆಸುತ್ತಿನ ಮಾತ್ರೆ ಅವಳ ಬೇರೆ ಮಾತ್ರೆಗಳ ಜೊತೆ ಆಗುತ್ತಾ ಅಂತ ಡಾಕ್ಟ್ರನ್ನ ಕೇಳೋದು. ಅಂಡಮಾನ್ ಅಷ್ಟು ಪೂರ್ವದಲ್ಲಿದ್ರೂ ಗಡಿಯಾರ ನಮ್ಮದೇ, ಹಾಗಾಗಿ ಚಳಿಗಾಲದಲ್ಲಿ ಸಂಜೆ ಐದೂವರೆ ಹೊತ್ತಿಗೆಲ್ಲಾ ಕತ್ತಲು. ಕತ್ತಲಲ್ಲಿ ಗೊತ್ತಿಲ್ಲದ ಮೆಟ್ಟಿಲು ಬೇಡ, ಐದಕ್ಕೆ ರೂಮಿನಲ್ಲಿರಬೇಕು. ಎಲ್ಲರೂ ಹ್ಯಾವ್‌ಲಾಕ್, ನೀಲ್ ಎರಡನ್ನೂ ನೋಡ್ತಾರೆ, 2018ರಿಂದ ಅವು ಸ್ವರಾಜ್ ದ್ವೀಪ, ಶಹೀದ್ ದ್ವೀಪ. ನಾವು ಹ್ಯಾವ್‌ಲಾಕ್ ಒಂದೇ. ಒಟ್ಟು ಮೂರು ರಾತ್ರಿ. ಒಂದು ದಿನಕ್ಕೆ ಒಂದೇ ಕೆಲಸ, ಮಧ್ಯಾಹ್ನ ಮಲಗೋದು.

ಇಷ್ಟೆಲ್ಲಾ ಆದಮೇಲೆ ಅವ್ವ ಇನ್ನೊಂದು ಕೇಳಿದಳು. “ಅಲ್ಲಿ ಊರ್ ಯಾವ್ದು ಅಂತ ಬರಸ್ಕತಾರಾ?”

ನಿಮಗೆ ಗೋಪಿನಾಥಂ ಅಂದ ತಕ್ಷಣ ಏನು ನೆನಪಾಗುತ್ತೆ ಅಂತ ನಂಗೆ ಗೊತ್ತು. ವೀರಪ್ಪನ್ ಹುಟ್ಟಿದ ಊರು. ನಮ್ಮೂರಲ್ಲಿ ಜನರ ಜೊತೆ ನಿಂತು ಮಾರಿಯಮ್ಮನ ಗುಡಿ ಕಟ್ಟಿಸಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನ 1991ರ ನವೆಂಬರ್‌ನಲ್ಲಿ ಅವನು ಕೊಂದ. ಅವನು ಸತ್ತದ್ದು 2004ರ ಅಕ್ಟೋಬರ್ 18ಕ್ಕೆ. ನಡುವಿನ ವರ್ಷಗಳಲ್ಲಿ ಅವ್ವನಂಥವರು ಸಂತೆಗೆ ಹೋಗ್ಲಿ, ಆಸ್ಪತ್ರೆಗೆ ಹೋಗ್ಲಿ, ಬಸ್ಸಿಂದ ಇಳಿಸಿ ಚೀಲ ಬಿಚ್ಚಿಸೋರು. ಯಾವೂರು ಅಂತ ಕೇಳಿದಾಗ ನಿಜ ಹೇಳಿದರೆ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು. ಅವಳು ಇವತ್ತಿಗೂ ಹೊರಗಡೆ ಯಾರಾದ್ರೂ ಕೇಳಿದರೆ “ಕೊಳ್ಳೇಗಾಲದ್ ಕಡೆ” ಅಂತಾಳೆ. ಆಧಾರ್‌ನಲ್ಲಿ ಹಳೇ ತಾಲ್ಲೂಕೇ ಇರಲಿ ಅಂತ ಯಾಕೆ ಹಟ ಮಾಡ್ತಿದ್ದಳು ಅನ್ನೋದು ನನಗೆ ಆಗ ಹೊಳೀತು.

ಅದಕ್ಕೇ ಶೀಟಿನಲ್ಲಿ ಕೊನೇ ಕಾಲಂ ಒಂದು ಸೇರಿಸಿದೆ, ‘ಮೊದಲೇ ಹೇಳಬೇಕಾದ್ದು’ ಅಂತ. ಏರ್‌ಪೋರ್ಟ್ ಬಾಗಿಲಲ್ಲೇ ಸಮವಸ್ತ್ರದವರು ಬಂದೂಕು ಹಿಡ್ಕೊಂಡು ನಿಂತಿರ್ತಾರೆ. ಕಾರ್ಡು ನೋಡಿ, ಮುಖ ನೋಡ್ತಾರೆ. ಚೀಲ ಒಂದು ಪೆಟ್ಟಿಗೆಯೊಳಗೆ ಹೋಗಿ ಈಚೆ ಬರುತ್ತೆ, ಕೆಲವೊಮ್ಮೆ ಬಿಚ್ಚಿ ನೋಡ್ತಾರೆ. ಹೆಂಗಸರನ್ನ ಪರದೆ ಹಿಂದೆ ಹೆಂಗಸರೇ ಮುಟ್ಟಿ ನೋಡ್ತಾರೆ. ಇದು ಎಲ್ಲರಿಗೂ ಮಾಡ್ತಾರೆ, ನಂಗೂ, ನಮ್ಮ ಕಂಪನಿ ಯಜಮಾನನಿಗೂ. ಪ್ರತಿ ಭಾನುವಾರ ಫೋನಿನಲ್ಲಿ ಇದನ್ನೇ ಹೇಳ್ತೀನಿ. “ಎಲ್ಲಾರ್ಗೂವಾ?” ಅಂತ ಪ್ರತಿ ಸಲವೂ ಕೇಳ್ತಾಳೆ. ಹೂಂ, ಎಲ್ಲಾರ್ಗೂ.

ಸೆಲ್ಯುಲರ್ ಜೈಲು ಲಿಸ್ಟಿನಲ್ಲಿ ಇರ್ಬೇಕಾ ಬೇಡ್ವಾ ಅಂತ ಅವಳನ್ನೇ ಕೇಳಿದೆ. 1906ಕ್ಕೆ ಬ್ರಿಟಿಷರು ಕಟ್ಟಿ ಮುಗಿಸಿದ್ದು, ಏಳು ಸಾಲಿನಲ್ಲಿ ಈಗ ಮೂರು ಉಳಿದಿವೆ, ಸ್ವಾತಂತ್ರ್ಯ ಬೇಕು ಅಂದವರನ್ನ ಸಮುದ್ರ ದಾಟಿಸಿ ತಂದು ಕೂಡಿಹಾಕ್ತಿದ್ರು ಅಂತೆಲ್ಲಾ ವಿವರಿಸಿದೆ. “ಜೈಲ್ ನೋಡಾಕೂ ದುಡ್ಡಾ?” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಅವರ ಅವ್ವದೀರ್ಗೆ ಗೊತ್ತಿತ್ತಾ, ಎಲ್ಲಿಗ್ ಕರ್ಕಂಡ್ ಹೋದ್ರು ಅಂತ?” ಅಂತ ಕೇಳಿದಳು. ಆ ಸಾಲಿನ ಮುಂದೆ ‘ಅವತ್ತು ಅವ್ವ ಹೇಳಿದಂತೆ’ ಅಂತ ಬರೆದಿಟ್ಟಿದ್ದೀನಿ.

ಭಾಷೆ ವಿಷಯ ನಾನು ಯೋಚಿಸಿರಲೇ ಇಲ್ಲ, ಅದನ್ನ ಅವಳೇ ಎತ್ತಿದಳು. ನಮ್ಮೂರಲ್ಲಿ ಕನ್ನಡ ತಮಿಳು ಎರಡೂ ಒಂದೇ ಬಾಯಲ್ಲಿ ಬರುತ್ತೆ, ಅವಳಿಗೆ ಹಿಂದಿ ಬರಲ್ಲ. ಅಂಡಮಾನ್‌ನಲ್ಲಿ ಬಂಗಾಳಿಗಳ ಜೊತೆ ತಮಿಳರೂ ಬೇಕಾದಷ್ಟು ಜನ ಇದ್ದಾರೆ ಅಂದೆ. ಅವ್ವನ ದನಿ ಬದಲಾಯ್ತು. “ಅಂಗಾರೆ ನೀ ನಿನ್ ಇಂಗ್ಲೀಷು ಇಟ್ಕಂಡು ಹಿಂದ್ಗಡೆ ಬಾ. ನೀರು, ಊಟ, ಪಾಯಿಖಾನೆ ಎಲ್ಲದೆ ಅಂತ ನಾ ಕೇಳ್ತೀನಿ.”

ಶೀಟಿನ ಮೊದಲನೇ ಕಾಲಂ ಈಗ ಅವ್ವನ ಜವಾಬ್ದಾರಿ. ಟಿಕೆಟ್ ಬುಕ್ ಆಗಿದೆ.