ಗುಡಿ, ಗುಡಿಸಲು, ಕುಡಿ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬಾಡಿಗೆ ಕೋಣೆ ಹಿಡಿದು ನಾಲ್ಕು ವರ್ಷವಾಯಿತು. ಸಂಶೋಧನೆಗೆಂದು ಶಂಕರಘಟ್ಟಕ್ಕೆ ಹೋಗುವುದು, ಸಂಜೆ ಅಂಗಡಿಗಳ ಗದ್ದಲದ ನಡುವೆ ಕೋಣೆ ಸೇರುವುದು. ಈ ಊರಿನವರಿಗೆ ದುರ್ಗಿಗುಡಿ ಎಂದರೆ ಮೊದಲು ನೆನಪಾಗುವುದು ಪೇಟೆ, ಹೆಸರಿನೊಳಗಿನ ಗುಡಿ ಆಮೇಲೆ. ವಿಳಾಸ ಬರೆಯುವಾಗಲೆಲ್ಲ ನನ್ನ ಕಣ್ಣು ಮಾತ್ರ ಆ ಕೊನೆಯ ಎರಡಕ್ಷರದ ಮೇಲೆಯೇ ನಿಲ್ಲುತ್ತದೆ.

ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಗುಡಿ ಎಂದರೆ ದೇವಸ್ಥಾನ. ತಮಿಳಿನಲ್ಲಿ ಇದರ ನಂಟ ‘ಕುಡಿ’. ಅಲ್ಲಿ ಅದು ಮನೆ, ಮನೆತನ, ಊರು, ಪ್ರಜೆ. ಕಾರೈಕುಡಿ, ತೂತ್ತುಕುಡಿ ಎಂಬ ಊರ ಹೆಸರುಗಳಲ್ಲಿ ಇರುವುದು ಇದೇ. ಪ್ರಜೆ ‘ಕುಡಿಮಗನ್’, ಗಣರಾಜ್ಯ ‘ಕುಡಿಯರಸು’. ಕೇರಳದ ಇಡುಕ್ಕಿಯ ಕಾಡಿನಲ್ಲಿ ಬುಡಕಟ್ಟಿನವರ ಹಾಡಿಯೂ ಕುಡಿಯೇ. 2010ರಲ್ಲಿ ಆ ರಾಜ್ಯದ ಮೊದಲ ಬುಡಕಟ್ಟು ಪಂಚಾಯಿತಿಯಾದ ಊರಿನ ಹೆಸರು ಇಡಮಲಕ್ಕುಡಿ. ಬರೋ ಮತ್ತು ಎಮೆನೋ 1961ರಲ್ಲಿ ಹೊರತಂದ ದ್ರಾವಿಡ ವ್ಯುತ್ಪತ್ತಿ ನಿಘಂಟು ಈ ಕುಡಿಯನ್ನೂ ಗುಡಿಯನ್ನೂ ನಮ್ಮ ಗುಡಿಸಲನ್ನೂ ಒಂದೇ ಗುಂಪಿನಲ್ಲಿ ಕೂರಿಸುತ್ತದೆ, ಸಂಸ್ಕೃತದ ಕುಟಿ, ಕುಟೀರಗಳನ್ನು ಪಕ್ಕದಲ್ಲಿಟ್ಟು ನೋಡಿ ಎನ್ನುತ್ತದೆ.

ದನಿ ಒಂದೇ ಆದ ಮಾತ್ರಕ್ಕೆ ಎಲ್ಲರೂ ಒಂದೇ ಮನೆಯವರಲ್ಲ. ನೀರು ಕುಡಿಯುವ ಕುಡಿ ಬೇರೆ, ಬಳ್ಳಿಯ ಕುಡಿ ಬೇರೆ. ನಮ್ಮ ಹಳೆಯ ಕಾವ್ಯಗಳಲ್ಲಿ ಊರವರು ಗುಡಿ ಕಟ್ಟಿದರು ಎಂದಿದ್ದರೆ ಅವರು ದೇವಸ್ಥಾನ ಕಟ್ಟಿದರೆಂದಲ್ಲ, ಬಾವುಟ ಏರಿಸಿದರೆಂದು. ಮರಾಠಿಗರು ಯುಗಾದಿಯ ದಿನ ಮನೆಯ ಮುಂದೆ ನಿಲ್ಲಿಸುವ ಗುಢಿಯನ್ನು ನೆನೆದರೆ ಅರ್ಥ ತಿಳಿಯಾಗುತ್ತದೆ. ತೆಲುಗರಿಗೆ ಚಂದ್ರನ ಸುತ್ತಲಿನ ಬಳೆಯೂ ಗುಡಿ, ‘ಕಿ’ ಅಕ್ಷರದ ತಲೆಯ ಮೇಲಿನ ಗುರುತೂ ಗುಡಿ. ಆ ಗುರುತನ್ನು ನಾವು ಗುಡಿಸು ಎನ್ನುತ್ತೇವೆ.

ಕಸ ಗುಡಿಸುವುದಕ್ಕೂ ನಮ್ಮಲ್ಲಿ ಅದೇ ಮಾತು. ಇಲ್ಲಿಗೆ ಬಂದಾಗ ನನಗೆ ಅಜ್ಜಿ ನೆನಪಾಗುತ್ತಾಳೆ. ಭದ್ರಾವತಿ ಕಡೆಯ ಹಳ್ಳಿಯೊಂದರಲ್ಲಿ ಅವಳು ವರ್ಷಗಟ್ಟಲೆ ಗುಡಿಯ ಹೊರ ಅಂಗಳ ಗುಡಿಸಿದವಳು. ಹೊಸ್ತಿಲು ದಾಟಿದವಳಲ್ಲ. ಅಸ್ಪೃಶ್ಯತೆಯನ್ನು ತೊಡೆದುಹಾಕಿದ ಸಂವಿಧಾನದ 17ನೇ ವಿಧಿ ಜಾರಿಗೆ ಬಂದದ್ದು 1950ರಲ್ಲಿ. ಅಜ್ಜಿ ಪೊರಕೆ ಹಿಡಿದದ್ದು ಅದಾಗಿ ಎಷ್ಟೋ ವರ್ಷದ ಮೇಲೆ. “ಅಂಗ್ಳಕ್ಕೆ ನಾವು ಬೇಕಿತ್ತು ಕಣವ್ವ, ಒಳೀಕೆ ಬ್ಯಾಡಾಗಿತ್ತು” ಎನ್ನುತ್ತಾಳೆ, ಸಿಟ್ಟಿಲ್ಲದೆ. ಆ ಸಿಟ್ಟಿಲ್ಲದಿರುವುದೇ ನನಗೆ ತಡೆಯಲಾಗುವುದಿಲ್ಲ.

ಗುಡಿ ಕೈಗಾರಿಕೆ ಎಂದಾಗ ಅಲ್ಲಿ ದೇವರಿಲ್ಲ. ಮನೆಯಿದೆ, ಮಗ್ಗವಿದೆ, ಬುಟ್ಟಿ ಹೆಣೆಯುವ ಕೈಯಿದೆ. ಪದದ ಹಳೆಯ ಅರ್ಥ ಅಲ್ಲೊಂದು ಕಡೆ ಉಳಿದುಕೊಂಡಿದೆ. ಹೀಗೆ ಹಿಂದೆ ಹಿಂದೆ ಹೋದರೆ ಸಿಗುವುದು ಜನ ಬಾಳುವ ಸೂರು. ಬಾಳುವವರ ಮನೆಯ ಹೆಸರು ದೇವರ ಮನೆಗೂ ಸಂದಿದೆ. ಆಮೇಲೆ ಆ ಮನೆಗೆ ಬಾಗಿಲಿಟ್ಟು, ಯಾರು ಒಳಗೆ ಯಾರು ಹೊರಗೆ ಎಂದು ನಿರ್ಧರಿಸಿದವರು ಮನುಷ್ಯರು.

ಕಳೆದ ಸಲ ಊರಿಗೆ ಹೋದಾಗ ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಅಡಿಕೆ ಕತ್ತರಿಸುತ್ತ ಕೇಳಿಸಿಕೊಂಡಳು.

“ಹಂಗಾರೆ ದೇವ್ರು ನಮ್ಮನೆ ಹೆಸ್ರು ಇಟ್ಕಂಡು ಕುಂತವ್ನೆ ಅನ್ನು.”

“ಹೂಂ ಅಜ್ಜಿ.”

“ಅವ್ನಿಗೆ ಗೊತ್ತಿರ್ಬೈದು. ಬೀಗ ಇಟ್ಕಂಡೋರಿಗೆ ಹೇಳು.”